ಒಲೆ ಮೇಲೆ ಮೈಕ್ರೋವೇವ್ ಕೂರಿಸುವ ಯೋಚನೆ ಇದೆಯೇ? ಅಳತೆ, ದೋಷ ಪತ್ತೆ, ರಿಪೇರಿ ಕುರಿತ ಪೂರ್ಣ ಮಾಹಿತಿ ಇಲ್ಲಿದೆ

ಹೈದರಾಬಾದ್: ಗಚ್ಚಿಬೌಲಿ, ಕೊಂಡಾಪುರ, ಕೋಕಾಪೇಟ್ ಕಡೆ ಹೊಸ ಫ್ಲ್ಯಾಟ್ ಕೊಂಡವರು ಮಾಡ್ಯುಲರ್ ಕಿಚನ್ ಮಾಡಿಸುವಾಗ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು. ಮೈಕ್ರೋವೇವ್ ಎಲ್ಲಿಡುವುದು? ಕಟ್ಟೆ ಮೇಲಿಟ್ಟರೆ ತರಕಾರಿ ಹೆಚ್ಚಲು ಜಾಗವಿಲ್ಲ. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದವರಿಗೆ ಥಟ್ಟನೆ ನೆನಪಾಗುವುದು ಅಲ್ಲಿನ ಮನೆಗಳಲ್ಲಿ ಒಲೆಯ ಮೇಲೆ, ಗೋಡೆಗೆ ಅಂಟಿಕೊಂಡಂತೆ ಕೂತಿರುವ 'ಓವರ್ ದಿ ರೇಂಜ್' ಮೈಕ್ರೋವೇವ್. ಚಿಮ್ನಿಯೂ ಅದೇ, ಓವನ್ ಕೂಡ ಅದೇ. ನೋಡಲು ಚೆಂದ, ಜಾಗವೂ ಉಳಿಯುತ್ತದೆ.

ಆದರೆ ನಮ್ಮ ಅಡುಗೆಮನೆಯ ಎತ್ತರ, ಒಲೆ, ಒಗ್ಗರಣೆ, ವಿದ್ಯುತ್ ಎಲ್ಲವೂ ಬೇರೆ. ಅಳತೆ ತಪ್ಪಿದರೆ ಕುದಿಯುವ ಸಾರಿನ ಬಟ್ಟಲನ್ನು ಉರಿಯ ಮೇಲಿಂದ, ಭುಜಕ್ಕಿಂತ ಎತ್ತರದಿಂದ ಇಳಿಸಬೇಕಾಗುತ್ತದೆ. ಕೆಟ್ಟಾಗ 'ನಾನೇ ಬಿಚ್ಚಿ ನೋಡ್ತೀನಿ' ಎಂದು ಹೊರಟರೆ ಜೀವಕ್ಕೇ ಅಪಾಯ. ಹಾಗಾಗಿ ಕೊಳ್ಳುವ ಮುನ್ನ ಏನು ಅಳೆಯಬೇಕು, ಕೆಟ್ಟಾಗ ಏನು ನೋಡಬೇಕು, ಯಾವ ರಿಪೇರಿಗೆ ಮಾತ್ರ ಕೈ ಹಾಕಬೇಕು ಎಂಬ ವಿವರ ಇಲ್ಲಿದೆ.

ಏನಿದು ಓವರ್ ದಿ ರೇಂಜ್ ಮೈಕ್ರೋವೇವ್?

ಅಮೆರಿಕದಲ್ಲಿ ಒಲೆ ಮತ್ತು ಓವನ್ ಸೇರಿದ ಉಪಕರಣಕ್ಕೆ 'ರೇಂಜ್' ಎನ್ನುತ್ತಾರೆ. ಅದರ ಮೇಲೆ ಕೂರುವ ಮೈಕ್ರೋವೇವ್‌ನ ಅಡಿಭಾಗದಲ್ಲಿ ಜಿಡ್ಡು ಹಿಡಿಯುವ ಜಾಲರಿ, ಕಟ್ಟೆಗೆ ಬೆಳಕು ಬೀಳಿಸುವ ಲೈಟು, ಒಳಗೆ ಹೊಗೆ ಎಳೆಯುವ ಫ್ಯಾನ್ ಇರುತ್ತವೆ. ಎಳೆದ ಗಾಳಿ ಪೈಪ್ ಮೂಲಕ ಹೊರಗೆ ಹೋಗಬಹುದು, ಇಲ್ಲವೇ ಚಾರ್ಕೋಲ್ ಫಿಲ್ಟರ್ ದಾಟಿ ಮತ್ತೆ ಅಡುಗೆಮನೆಗೇ ಬರಬಹುದು.

ಭಾರತದಲ್ಲಿ ಹೆಚ್ಚಾಗಿ ಮಾರಾಟವಾಗುವುದು ಕಟ್ಟೆ ಮೇಲಿಡುವ ಮತ್ತು ಕಪಾಟಿನೊಳಗೆ ಕೂರಿಸುವ 'ಬಿಲ್ಟ್ ಇನ್' ಮಾದರಿಗಳು. ಇವನ್ನು ಒಲೆಯ ನೇರ ಮೇಲೆ ಇಡಲು ತಯಾರಿಸಿರುವುದಿಲ್ಲ. ಶೆಲ್ಫ್ ಹೊಡೆಸಿ ಮಾಮೂಲಿ ಮೈಕ್ರೋವೇವನ್ನು ಗ್ಯಾಸ್ ಒಲೆ ಮೇಲಿಟ್ಟರೆ ಕೆಳಗಿನ ಬಿಸಿ ಮತ್ತು ಎಣ್ಣೆ ಆವಿ ಗಾಳಿಕಿಂಡಿಗಳ ಮೂಲಕ ಒಳಗೆ ಸೇರುತ್ತವೆ. 'ಒಲೆ ಮೇಲೆ ಅಳವಡಿಸಬಹುದು' ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅಲ್ಲಿಡಬೇಕು.

ಅಳತೆ: ಮೊದಲು ಟೇಪ್ ಹಿಡಿಯಿರಿ

ಅಗಲ: ಓವರ್ ದಿ ರೇಂಜ್ ಮಾದರಿಗಳ ಸಾಮಾನ್ಯ ಅಗಲ 30 ಇಂಚು, ಅಂದರೆ ಸುಮಾರು 76 ಸೆಂ.ಮೀ. ನಮ್ಮಲ್ಲಿ ಚಿಮ್ನಿಗೆಂದು ಬಿಡುವ ಜಾಗ ಸಾಮಾನ್ಯವಾಗಿ 60 ಅಥವಾ 90 ಸೆಂ.ಮೀ. 60ರ ಜಾಗದಲ್ಲಿ ಇದು ಹಿಡಿಸುವುದಿಲ್ಲ. 90ರಲ್ಲಿ ಕೂರಿಸಿದರೆ ಎರಡೂ ಬದಿ ಸೇರಿ 14 ಸೆಂ.ಮೀ. ಖಾಲಿ ಉಳಿಯುತ್ತದೆ. ಕಪಾಟು ಮಾಡಿಸುವ ಮೊದಲೇ ಮಾಡೆಲ್ ಗೊತ್ತುಮಾಡಿಕೊಂಡರೆ ಈ ತಾಪತ್ರಯ ಇರುವುದಿಲ್ಲ.

ಆಳ: ಇವುಗಳ ಆಳ 38ರಿಂದ 45 ಸೆಂ.ಮೀ. ನಮ್ಮ ಮೇಲಿನ ಕಪಾಟುಗಳು 30-35 ಸೆಂ.ಮೀ. ಆಳ ಇರುವುದರಿಂದ ಓವನ್ ಮುಂದಕ್ಕೆ ಚಾಚಿಕೊಳ್ಳುತ್ತದೆ. ಒಲೆ ಮುಂದೆ ಬಾಗಿದಾಗ ಹಣೆಗೆ ತಗಲುತ್ತದೆಯೇ ಎಂದು ರಟ್ಟಿನ ಪೆಟ್ಟಿಗೆ ಹಿಡಿದು ಪರೀಕ್ಷಿಸಬಹುದು.

ಎತ್ತರ: ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕದ ಕೈಪಿಡಿಗಳು ಸಾಮಾನ್ಯವಾಗಿ ಒಲೆಯ ಮೇಲ್ಮೈಯಿಂದ ಮೇಲಿನ ಕಪಾಟಿನ ತಳಕ್ಕೆ ಕನಿಷ್ಠ 30 ಇಂಚು (76 ಸೆಂ.ಮೀ.) ಇರಬೇಕು ಎನ್ನುತ್ತವೆ. ಅಲ್ಲಿ ಒಲೆಯ ಮೇಲ್ಮೈ ಕಟ್ಟೆಗೆ ಸಮನಾಗಿರುತ್ತದೆ. ನಮ್ಮ ಗ್ಯಾಸ್ ಸ್ಟೌವ್ ಕಟ್ಟೆಯ ಮೇಲೆ ಕೂರುವುದರಿಂದ ಪಾತ್ರೆ ಇಡುವ ಜಾಗ ಇನ್ನೂ ಎತ್ತರಕ್ಕೆ ಹೋಗುತ್ತದೆ. ಆದ್ದರಿಂದ ಅಳತೆ ಶುರುವಾಗಬೇಕಾದ್ದು ಸ್ಟೌವ್‌ನ ಪಾತ್ರೆ ಸ್ಟ್ಯಾಂಡಿನಿಂದ, ಕಟ್ಟೆಯಿಂದ ಅಲ್ಲ.

ಒಂದು ಲೆಕ್ಕ ಹೀಗಿದೆ:

• ಕಟ್ಟೆಯ ಎತ್ತರ 86 ಸೆಂ.ಮೀ. (34 ಇಂಚು), ಸ್ಟೌವ್ 12 ಸೆಂ.ಮೀ. ಒಟ್ಟು 98 ಸೆಂ.ಮೀ.
• ಅದಕ್ಕೆ 76 ಸೆಂ.ಮೀ. ಸೇರಿಸಿದರೆ ಕಪಾಟಿನ ತಳ 174 ಸೆಂ.ಮೀ. ಎತ್ತರದಲ್ಲಿರಬೇಕು.
• ಓವನ್‌ನ ಎತ್ತರ ಸುಮಾರು 42 ಸೆಂ.ಮೀ. ಹಾಗಾದರೆ ಅದರ ತಳ ನೆಲದಿಂದ 132 ಸೆಂ.ಮೀ. ಎತ್ತರಕ್ಕೆ ಬರುತ್ತದೆ.
• ಸ್ಟೌವ್ ಮತ್ತು ಓವನ್ ನಡುವೆ ಉಳಿಯುವ ಅಂತರ 34 ಸೆಂ.ಮೀ. ಮಾತ್ರ.

5 ಅಡಿ (152 ಸೆಂ.ಮೀ.) ಎತ್ತರದವರ ಭುಜ ಸುಮಾರು 125 ಸೆಂ.ಮೀ. ಮಟ್ಟದಲ್ಲಿರುತ್ತದೆ. ಅಂದರೆ ಬಿಸಿ ಬಟ್ಟಲು ಹೊರಬರುವುದು ಭುಜದ ಮೇಲಿನಿಂದ, ಅದೂ ಕೆಳಗೆ ಒಲೆ ಉರಿಯುತ್ತಿರುವಾಗ. ಇನ್ನು 5 ಲೀಟರ್ ಕುಕ್ಕರ್ ವಿಶಲ್ ಸಮೇತ 25 ಸೆಂ.ಮೀ. ನಿಂತರೆ, ಅದರ ಆವಿ ಕೇವಲ 9 ಸೆಂ.ಮೀ. ಮೇಲಿರುವ ಓವನ್ ತಳಕ್ಕೆ ನೇರವಾಗಿ ಬಡಿಯುತ್ತದೆ. ಹಾಗಂತ ಚಿಮ್ನಿಯಂತೆ 65 ಸೆಂ.ಮೀ. ಅಂತರ ಬಿಟ್ಟು ಮೇಲಕ್ಕೇರಿಸಿದರೆ ಓವನ್ ತಳ 163 ಸೆಂ.ಮೀ.ಗೆ ಹೋಗುತ್ತದೆ. ಅದು 5 ಅಡಿ ಎತ್ತರದವರ ತಲೆಗಿಂತಲೂ ಮೇಲೆ. ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರ ಎತ್ತರಕ್ಕೆ ಈ ಲೆಕ್ಕ ಹೊಂದದಿದ್ದರೆ ಯೋಚನೆ ಕೈಬಿಡುವುದೇ ಜಾಣತನ.

ಗೋಡೆ ತೂಕ ತಾಳುತ್ತದೆಯೇ?

ಖಾಲಿ ಓವನ್ ತೂಕವೇ 23ರಿಂದ 30 ಕೆ.ಜಿ. ಇದರ ಭಾರ ಹಿಂಬದಿಯ ಗೋಡೆಪಟ್ಟಿ ಮತ್ತು ಮೇಲಿನ ಕಪಾಟಿನಿಂದ ಇಳಿಬಿಟ್ಟ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಅಮೆರಿಕದ ಮನೆಗಳಲ್ಲಿ ಗೋಡೆಯೊಳಗಿನ ಮರದ ಕಂಬಕ್ಕೆ ಸ್ಕ್ರೂ ಹಾಕುತ್ತಾರೆ. ಪೆಟ್ಟಿಗೆಯಲ್ಲಿ ಬರುವ ಸ್ಕ್ರೂಗಳೂ ಅದಕ್ಕೆಂದೇ ಇರುತ್ತವೆ. ನಮ್ಮ ಕಾಂಕ್ರೀಟ್ ಅಥವಾ ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಬೇಕು. ಹಗುರವಾದ ಎಎಸಿ ಬ್ಲಾಕ್ ಗೋಡೆಯಾದರೆ ಮಾಮೂಲಿ ಬೋಲ್ಟ್ ಸಡಿಲಗೊಳ್ಳಬಹುದು, ಅದಕ್ಕೆಂದೇ ಇರುವ ಆಂಕರ್ ಹಾಕಿಸಬೇಕು. ನಿಮ್ಮ ಅಡುಗೆಮನೆ ಗೋಡೆ ಯಾವುದರದ್ದು ಎಂದು ಬಿಲ್ಡರ್ ಅಥವಾ ಅಪಾರ್ಟ್‌ಮೆಂಟ್ ನಿರ್ವಹಣಾ ಕಚೇರಿಯಲ್ಲಿ ಕೇಳಿ. ಮೇಲಿನ ಕಪಾಟು ಪಾರ್ಟಿಕಲ್ ಬೋರ್ಡ್‌ನದ್ದಾದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಒಗ್ಗರಣೆ ಹೊಗೆಗೆ ಸಾಕಾಗುತ್ತದೆಯೇ?

ಈ ಓವನ್‌ಗಳ ಫ್ಯಾನ್ ಸಾಮಾನ್ಯವಾಗಿ ನಿಮಿಷಕ್ಕೆ 300ರಿಂದ 400 ಘನ ಅಡಿ ಗಾಳಿ ಎಳೆಯುತ್ತದೆ. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 510ರಿಂದ 680 ಘನ ಮೀಟರ್. ಭಾರತದ ಚಿಮ್ನಿಗಳ ಪೆಟ್ಟಿಗೆ ಮೇಲೆ 1,000, 1,200 ಘನ ಮೀಟರ್ ಎಂದು ಬರೆದಿರುತ್ತಾರೆ. ದಿನವೂ ಒಗ್ಗರಣೆ, ವಾರಕ್ಕೆರಡು ಸಲ ಬಾಣಲೆಯಲ್ಲಿ ಕರಿಯುವ ಮನೆಗೆ ಓವನ್‌ನ ಫ್ಯಾನ್ ಕಡಿಮೆಯೇ. ಹೊರಗೆ ಪೈಪ್ ಇಲ್ಲದೆ ಗಾಳಿಯನ್ನು ಒಳಗೇ ತಿರುಗಿಸಿದರೆ ವಾಸನೆ ಸ್ವಲ್ಪ ತಗ್ಗಬಹುದು, ಶೆಕೆ ಮತ್ತು ಆವಿ ಅಲ್ಲೇ ಉಳಿಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಹೈದರಾಬಾದಿನಲ್ಲಿ ಇದು ಸಣ್ಣ ವಿಷಯವಲ್ಲ.

ಪರ್ಯಾಯವೇನು? ಒಲೆ ಮೇಲೆ ಚಿಮ್ನಿ ಇರಲಿ. ಮೈಕ್ರೋವೇವ್‌ಗೆ ಫ್ರಿಜ್ ಪಕ್ಕದ ಎತ್ತರದ ಕಪಾಟಿನಲ್ಲಿ, ಎದೆಮಟ್ಟಕ್ಕೆ ಜಾಗ ಮಾಡಿಸಿ. ಬಿಲ್ಟ್ ಇನ್ ಮಾದರಿಗೆ ಸಾಮಾನ್ಯವಾಗಿ 56 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರ, 55 ಸೆಂ.ಮೀ. ಆಳದ ಗೂಡು ಬೇಕು. ಹಿಂದೆ ಮತ್ತು ಮೇಲೆ ಗಾಳಿಗೆ ಎಷ್ಟು ಜಾಗ ಬಿಡಬೇಕೆಂದು ಆಯಾ ಕೈಪಿಡಿ ನೋಡಿ.

ಪ್ಲಗ್ ಮತ್ತು ವೈರಿಂಗ್

'800 ವ್ಯಾಟ್' ಎಂದು ಬರೆದಿರುವುದು ಆಹಾರಕ್ಕೆ ಸೇರುವ ಶಕ್ತಿ. ಗೋಡೆಯಿಂದ ಎಳೆದುಕೊಳ್ಳುವುದು 1,200ರಿಂದ 1,400 ವ್ಯಾಟ್. ಕನ್ವೆಕ್ಷನ್ ಮಾದರಿಗಳು 2,000 ವ್ಯಾಟ್ ದಾಟುತ್ತವೆ. 230 ವೋಲ್ಟ್‌ನಲ್ಲಿ 1,400 ವ್ಯಾಟ್ ಎಂದರೆ 6 ಆಂಪ್‌ಗೂ ಹೆಚ್ಚು. ಆದ್ದರಿಂದ ಮಿಕ್ಸಿಗೆ ಬಳಸುವ 6 ಆಂಪ್ ಸಾಕೆಟ್ ಆಗದು. ಅರ್ತಿಂಗ್ ಸರಿಯಾಗಿರುವ 16 ಆಂಪ್ ಸಾಕೆಟ್ ಬೇಕು, ಅದೇ ವೈರಿಗೆ ಗೀಸರ್ ಅಥವಾ ಫ್ರಿಜ್ ಸೇರಿಸಬಾರದು. ಒಲೆ ಮೇಲಿನ ಮಾದರಿಗೆ ಸಾಕೆಟ್ ಮೇಲಿನ ಕಪಾಟಿನೊಳಗಿರಲಿ. ಓವನ್ ಹಿಂದೆ ಅಡಗಿಸಿಟ್ಟರೆ ತುರ್ತಿನಲ್ಲಿ ಪ್ಲಗ್ ಕೀಳಲಾಗದು.

ಅಮೆರಿಕದಿಂದ ಹೊತ್ತು ತಂದರೆ?

ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಜ್. ಇಲ್ಲಿನದು 230 ವೋಲ್ಟ್, 50 ಹರ್ಟ್ಜ್. ಪ್ಲಗ್ ಪಿನ್ ಬದಲಿಸಿ ನೇರವಾಗಿ ಹಾಕಿದರೆ ಕ್ಷಣದಲ್ಲೇ ಫ್ಯೂಸ್ ಹಾರುತ್ತದೆ, ಕಂಟ್ರೋಲ್ ಬೋರ್ಡ್ ಸುಡಬಹುದು.

ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅದು ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. 60 ಹರ್ಟ್ಜ್‌ಗೆ ತಯಾರಾದ ಓವನ್‌ನ ಒಳಗಿನ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ 50 ಹರ್ಟ್ಜ್‌ನಲ್ಲಿ ಮಿತಿಮೀರಿ ಕಾಯುತ್ತದೆ. ವಿದ್ಯುತ್‌ನ ಹರ್ಟ್ಜ್ ನೋಡಿ ಸಮಯ ಎಣಿಸುವ ಮಾದರಿಗಳಲ್ಲಿ ಗಡಿಯಾರವೂ ನಿಧಾನವಾಗುತ್ತದೆ, 10 ನಿಮಿಷ ಇಟ್ಟರೆ 12 ನಿಮಿಷ ಓಡುತ್ತದೆ. ಜೊತೆಗೆ 1,500 ವ್ಯಾಟ್‌ಗಿಂತ ಹೆಚ್ಚು ಎಳೆಯುವ ಓವನ್‌ಗೆ ಕನಿಷ್ಠ 2,000 ವಿಎ ಸಾಮರ್ಥ್ಯದ, ಬಲು ಭಾರದ ಟ್ರಾನ್ಸ್‌ಫಾರ್ಮರನ್ನು ಎಲ್ಲೋ ಒಂದು ಕಡೆ ಇಡಬೇಕು. ಕಂಟೇನರ್‌ನಲ್ಲಿ ಸಾಮಾನು ತರಿಸುವವರು ಮೈಕ್ರೋವೇವನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ಕೆಟ್ಟಾಗ ಮೊದಲು ಏನು ನೋಡಬೇಕು?

ಏನೂ ಆನ್ ಆಗುತ್ತಿಲ್ಲ: ಎಂಸಿಬಿ ಬಿದ್ದಿದೆಯೇ ನೋಡಿ. ಅದೇ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ಪರೀಕ್ಷಿಸಿ. ಡಿಸ್‌ಪ್ಲೇ ಬರುತ್ತಿದ್ದು ಬಟನ್ ಒಪ್ಪುತ್ತಿಲ್ಲವೆಂದರೆ ಚೈಲ್ಡ್ ಲಾಕ್ ಆಗಿರಬಹುದು. ಜಿರಳೆ ಒಳಹೊಕ್ಕು ಬೋರ್ಡ್ ಶಾರ್ಟ್ ಆಗುವುದೂ ಉಂಟು.

ಫ್ಯೂಸ್ ಪದೇಪದೆ ಹಾರುತ್ತಿದೆ: ಬಾಗಿಲಿನ ಸ್ವಿಚ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಬಾಗಿಲು ತೆರೆದಾಗಲೂ ಓವನ್ ನಿಲ್ಲದಂತಹ ಪರಿಸ್ಥಿತಿ ಬಂದರೆ ಫ್ಯೂಸ್ ಬೇಕೆಂದೇ ಹಾರುವಂತೆ ವ್ಯವಸ್ಥೆ ಮಾಡಿರುತ್ತಾರೆ. ಹಾಗಾಗಿ ಬರೀ ಫ್ಯೂಸ್ ಬದಲಿಸುವುದು ರಿಪೇರಿಯಲ್ಲ. ತಂತಿ ಸುತ್ತಿ ಓಡಿಸುವುದಂತೂ ಆ ರಕ್ಷಣೆಯನ್ನೇ ಕಿತ್ತುಹಾಕಿದಂತೆ.

ಲೈಟು, ತಟ್ಟೆ ಎಲ್ಲ ಸರಿ, ಬಿಸಿಯಾಗುತ್ತಿಲ್ಲ: ಮ್ಯಾಗ್ನೆಟ್ರಾನ್, ಡಯೋಡ್ ಅಥವಾ ಕೆಪಾಸಿಟರ್ ದೋಷ ಇರಬಹುದು. ಇದು ಮೆಕ್ಯಾನಿಕ್ ಕೆಲಸ. ಜೋರಾಗಿ 'ಗುಂಯ್' ಶಬ್ದವೂ ಬಂದರೆ ತಕ್ಷಣ ಆಫ್ ಮಾಡಿ.

ಒಳಗೆ ಕಿಡಿ ಬರುತ್ತಿದೆ: ಸ್ಟೀಲ್ ಚಮಚ, ಫಾಯಿಲ್, ಚಿನ್ನದ ಬಣ್ಣದ ಅಂಚಿನ ತಟ್ಟೆ ಇದೆಯೇ ನೋಡಿ. ಇಲ್ಲದಿದ್ದರೆ ಒಳಗೋಡೆಯಲ್ಲಿರುವ ಕಂದು ಬಣ್ಣದ ಮೈಕಾ ಹಾಳೆಯ ಮೇಲೆ ಎಣ್ಣೆ ಸಿಡಿದು ಸುಟ್ಟಿರಬಹುದು.

ತಟ್ಟೆ ತಿರುಗುತ್ತಿಲ್ಲ: ತಟ್ಟೆ ಕೆಳಗಿನ ಚಕ್ರದ ಬಳೆ, ನಡುವಿನ ಪ್ಲಾಸ್ಟಿಕ್ ಹಿಡಿಕೆ ತೊಳೆದು ಸರಿಯಾಗಿ ಕೂರಿಸಿ. ಆಗಲೂ ತಿರುಗದಿದ್ದರೆ ಮೋಟಾರು ಹೋಗಿದೆ. ಮೋಟಾರು 21, 30, 230 ವೋಲ್ಟ್ ಹೀಗೆ ಬೇರೆಬೇರೆ ಇರುವುದರಿಂದ ಹಳೆಯದರ ಮೇಲೆ ಬರೆದಿರುವುದನ್ನು ನೋಡಿಯೇ ಹೊಸದು ತರಬೇಕು.

ಮಧ್ಯೆ ನಿಂತುಹೋಗುತ್ತದೆ: ಗಾಳಿಕಿಂಡಿ ಮುಚ್ಚಿ ಓವನ್ ಕಾದಿರಬಹುದು. ಅರ್ಧ ಗಂಟೆ ಆರಲು ಬಿಟ್ಟರೆ ಮತ್ತೆ ಶುರುವಾಗುತ್ತದೆ ಎಂದಾದರೆ ಕಾರಣ ಬಹುತೇಕ ಇದೇ.

ಫ್ಯಾನ್ ತಾನಾಗಿಯೇ ಓಡುತ್ತಿದೆ, ನಿಲ್ಲುತ್ತಿಲ್ಲ: ಇದು ದೋಷವಲ್ಲ. ಒಲೆಯ ಬಿಸಿ ಹೆಚ್ಚಾದಾಗ ಒಳಗಿನ ಭಾಗಗಳನ್ನು ಕಾಪಾಡಲು ಓವರ್ ದಿ ರೇಂಜ್ ಮಾದರಿಗಳಲ್ಲಿ ಫ್ಯಾನ್ ತಾನೇ ಶುರುವಾಗಿ, ತಣ್ಣಗಾದ ಮೇಲೆ ನಿಲ್ಲುತ್ತದೆ. ದಿನಾ ಹೀಗಾದರೆ ಅಂತರ ಸಾಲದು ಎಂದರ್ಥ.

ಹೊಗೆ ಎಳೆಯುತ್ತಿಲ್ಲ: ಜಾಲರಿ ಜಿಡ್ಡುಗಟ್ಟಿದೆಯೇ, ಪೈಪಿನ ಮುಚ್ಚಳ ಅಂಟಿಕೊಂಡಿದೆಯೇ ನೋಡಿ. ಹೊಸದಾಗಿ ಕೂರಿಸಿದ್ದಾದರೆ ಫ್ಯಾನ್‌ನ ದಿಕ್ಕು ಪೈಪಿನ ಕಡೆಗೆ ತಿರುಗಿಸಿದ್ದಾರೆಯೇ ಎಂದು ವಿಚಾರಿಸಿ.

ಮುಟ್ಟಿದರೆ ಜುಮ್ಮೆನ್ನುತ್ತದೆ: ತಕ್ಷಣ ಬಳಕೆ ನಿಲ್ಲಿಸಿ, ಕೋಣೆಯ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಕರೆದು ಅರ್ತಿಂಗ್ ಪರೀಕ್ಷೆ ಮಾಡಿಸಿ.

ಬಿಸಿ ಕಡಿಮೆಯಾಗಿದೆಯೇ? ನೀರಿನ ಪರೀಕ್ಷೆ

'ಮೊದಲಿನಷ್ಟು ಕಾಯುತ್ತಿಲ್ಲ' ಎಂಬ ಅನುಮಾನಕ್ಕೆ ಮನೆಯಲ್ಲೇ ಉತ್ತರ ಸಿಗುತ್ತದೆ. ಗಾಜಿನ ಪಾತ್ರೆಯಲ್ಲಿ 1 ಲೀಟರ್ ತಣ್ಣೀರು ತೆಗೆದುಕೊಂಡು ಅಡುಗೆ ಥರ್ಮಾಮೀಟರ್‌ನಿಂದ ಉಷ್ಣತೆ ಅಳೆಯಿರಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಬಿಸಿ ಇರುವುದರಿಂದ ಕುಡಿಯುವ ತಣ್ಣೀರು ಬಳಸಿ. ಪೂರ್ಣ ಪವರ್‌ನಲ್ಲಿ 2 ನಿಮಿಷ ಇಟ್ಟು, ಕಲಕಿ, ಮತ್ತೆ ಅಳೆಯಿರಿ. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿದೆಯೋ ಅದನ್ನು 35ರಿಂದ ಗುಣಿಸಿದರೆ ಓವನ್ ಕೊಡುತ್ತಿರುವ ವ್ಯಾಟ್ ಸಿಗುತ್ತದೆ. 20ರಿಂದ 40 ಡಿಗ್ರಿಗೆ ಏರಿದರೆ 700 ವ್ಯಾಟ್. 800 ವ್ಯಾಟ್‌ನ ಓವನ್‌ಗೆ ಇದು ಪರವಾಗಿಲ್ಲ. ಪಾತ್ರೆಗೂ ಸ್ವಲ್ಪ ಬಿಸಿ ಹೋಗಿರುತ್ತದೆ. 400 ಬಂದರೆ ಮ್ಯಾಗ್ನೆಟ್ರಾನ್ ಸೋತಿರಬಹುದು, ಅಥವಾ ಮನೆಗೆ ಬರುವ ವೋಲ್ಟೇಜ್ ಕಡಿಮೆ ಇರಬಹುದು.

ಮನೆಯಲ್ಲಿ ಮಾಡಬಹುದಾದ ರಿಪೇರಿ ಇಷ್ಟೇ

ಎಲ್ಲದಕ್ಕೂ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ.

• ಮೈಕಾ ಹಾಳೆ: ಹಳೆಯದನ್ನು ಬಿಡಿಸಿ, ಅದೇ ಅಳತೆಗೆ ಹೊಸದನ್ನು ಕತ್ತರಿಯಿಂದ ಕತ್ತರಿಸಿ ಕೂರಿಸಬಹುದು. ಹಾಳೆ ಇಲ್ಲದೆ ಓವನ್ ಓಡಿಸಬೇಡಿ.
• ಜಿಡ್ಡಿನ ಜಾಲರಿ: ತಿಂಗಳಿಗೊಮ್ಮೆ ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಸಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.
• ಚಾರ್ಕೋಲ್ ಫಿಲ್ಟರ್: ಇದನ್ನು ತೊಳೆಯುವಂತಿಲ್ಲ, ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕು.
• ತಟ್ಟೆ, ಚಕ್ರದ ಬಳೆ, ಹೊರಗಿನಿಂದಲೇ ತೆಗೆಯಬಹುದಾದ ಲೈಟು.
• ಬಾಗಿಲಿನ ಅಂಚು: ಒದ್ದೆ ಬಟ್ಟೆಯಿಂದ ಒರೆಸಿ ಎಣ್ಣೆ, ಅನ್ನದಗುಳು ತೆಗೆಯಿರಿ. ಚಾಕುವಿನಿಂದ ಕೆರೆಯಬೇಡಿ.

ಕವಚ ಏಕೆ ಬಿಚ್ಚಬಾರದು?

ಸ್ಕ್ರೂ ಬಿಚ್ಚುವುದು ಕಷ್ಟವಲ್ಲ. ಅಪಾಯ ಇರುವುದು ಒಳಗೆ. ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟ್ ಅನ್ನು ಸುಮಾರು 2,000 ವೋಲ್ಟ್‌ಗೆ ಏರಿಸುತ್ತದೆ. ಡಯೋಡ್ ಮತ್ತು ಕೆಪಾಸಿಟರ್ ಸೇರಿ ಅದನ್ನು ಸುಮಾರು 4,000 ವೋಲ್ಟ್‌ಗೆ ಒಯ್ಯುತ್ತವೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ಅದನ್ನು ಬರಿದು ಮಾಡಲು ಒಳಗೊಂದು ರೆಸಿಸ್ಟರ್ ಇರುತ್ತದೆ ನಿಜ. ಆದರೆ ಅದೇ ಕೆಟ್ಟಿದ್ದರೆ? ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲ.

'ಮನೆಗೆ ಆರ್‌ಸಿಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ' ಎಂಬ ಧೈರ್ಯವೂ ಇಲ್ಲಿ ನಡೆಯದು. ಮನೆಯ ಸರ್ಕ್ಯೂಟ್ ಮತ್ತು ಹೈ ವೋಲ್ಟೇಜ್ ಸರ್ಕ್ಯೂಟ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಆಚೆಬದಿಯಲ್ಲಿ ಶಾಕ್ ಹೊಡೆದರೂ ಆರ್‌ಸಿಸಿಬಿಗೆ ಅದು ಗೊತ್ತಾಗುವುದೇ ಇಲ್ಲ. ಟಿವಿ, ಮಿಕ್ಸಿ ಬಿಚ್ಚಿ ರೂಢಿ ಇರುವವರೂ ಇದಕ್ಕೆ ಕೈ ಹಾಕಬಾರದು ಎನ್ನುವುದು ಇದಕ್ಕೇ.

ಮೈಕ್ರೋವೇವ್ ಸೋರಿಕೆ: ಫೋನ್ ಪರೀಕ್ಷೆ ನಂಬಬೇಡಿ

ಒಳಗೆ ಫೋನ್ ಇಟ್ಟು ಕರೆ ಮಾಡಿ, ರಿಂಗ್ ಆದರೆ ಸೋರಿಕೆ ಇದೆ ಎನ್ನುವ ವಿಡಿಯೊಗಳಿವೆ. ಅದು ನಂಬಲರ್ಹ ಪರೀಕ್ಷೆಯಲ್ಲ. ಮೊಬೈಲ್ ಸಿಗ್ನಲ್ ತೀರಾ ಕ್ಷೀಣವಾಗಿದ್ದರೂ ಫೋನ್ ರಿಂಗ್ ಆಗುತ್ತದೆ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಓವನ್‌ನಿಂದ 5 ಸೆಂ.ಮೀ. ದೂರದಲ್ಲಿ ಸೋರಿಕೆ ಪ್ರತಿ ಚದರ ಸೆಂ.ಮೀ.ಗೆ 5 ಮಿಲಿವ್ಯಾಟ್ ಮೀರಬಾರದು. ಇದನ್ನು ಅಳೆಯಲು ಸರಿಯಾದ ಮೀಟರ್ ಬೇಕು. ಬಾಗಿಲು ವಾಲಿದ್ದರೆ, ಕೀಲು ಸಡಿಲವಾಗಿದ್ದರೆ, ಗಾಜಿನ ಹಿಂದಿನ ಲೋಹದ ಜಾಲರಿ ಹರಿದಿದ್ದರೆ ಪರೀಕ್ಷೆಗೂ ಕಾಯದೆ ಬಳಕೆ ನಿಲ್ಲಿಸಿ.

ಮೆಕ್ಯಾನಿಕ್ ಕರೆದಾಗ

ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಹೇಳಿ. ಮ್ಯಾಗ್ನೆಟ್ರಾನ್‌ಗೆ ಪ್ರತ್ಯೇಕವಾಗಿ ಹೆಚ್ಚು ವರ್ಷದ ವಾರಂಟಿ ಇದೆಯೇ ಎಂದು ಕಾರ್ಡಿನಲ್ಲಿ ನೋಡಿ. ಹೊರಗಿನ ಮೆಕ್ಯಾನಿಕ್ ಆದರೆ ಏನು ಕೆಟ್ಟಿದೆ, ಭಾಗದ ಬೆಲೆ ಎಷ್ಟು, ಕೂಲಿ ಎಷ್ಟು ಎಂದು ಮೊದಲೇ ಕೇಳಿ. ತೆಗೆದ ಹಳೆಯ ಭಾಗ ಮತ್ತು ಬಿಲ್ ಪಡೆಯಿರಿ. ಹೈದರಾಬಾದಿನಲ್ಲಿ ಕೋಠಿಯ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಹೆಸರಾದ ಜಾಗ. ಮೈಕಾ ಹಾಳೆಯಂತಹ ಸಣ್ಣ ಭಾಗ ಹುಡುಕುವವರು ಹಳೆಯದನ್ನೂ ಮಾಡೆಲ್ ನಂಬರನ್ನೂ ಜೊತೆಗೊಯ್ದರೆ ಒಳ್ಳೆಯದು.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದ್ದು, ಗೃಹೋಪಯೋಗಿ ಉಪಕರಣ ಕಂಪನಿಗಳ ಸರ್ವಿಸ್, ಬಿಡಿಭಾಗ, ವಾರಂಟಿ ಮಾಹಿತಿ ಅಲ್ಲಿ ಸಿಗುತ್ತದೆ. ಸರ್ವಿಸ್‌ನಲ್ಲಿ ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಲು ಅವಕಾಶವಿದೆ.

ರಿಪೇರಿಯೋ, ಹೊಸದೋ?

ತಟ್ಟೆ ಮೋಟಾರು, ಬಾಗಿಲ ಸ್ವಿಚ್, ಡಯೋಡ್‌ನಂತಹ ಭಾಗಗಳಾದರೆ ರಿಪೇರಿ ಮಾಡಿಸುವುದೇ ಲಾಭ. ಓವನ್ ಏಳೆಂಟು ವರ್ಷ ಹಳೆಯದಾಗಿ, ಮ್ಯಾಗ್ನೆಟ್ರಾನ್ ಅಥವಾ ಕಂಟ್ರೋಲ್ ಬೋರ್ಡ್ ಹೋಗಿ, ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಹೊಸದೇ ವಾಸಿ. ಒಳಗೋಡೆಯಲ್ಲಿ ತುಕ್ಕು ಹಿಡಿದು ತೂತಾಗಿದ್ದರೆ ಬಳಸಲೇಬಾರದು.

ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಕಂಪನಿಯನ್ನು ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಗುಜರಿಯಲ್ಲಿ ಓವನ್ ಒಡೆಯುವವರಿಗೂ ಕೆಪಾಸಿಟರ್‌ನ ಅಪಾಯ ತಪ್ಪಿದ್ದಲ್ಲ.

ಇವು ನೆನಪಿರಲಿ

• ಒಳಗೆ ಬೆಂಕಿ ಹೊತ್ತಿಕೊಂಡರೆ ಬಾಗಿಲು ತೆರೆಯಬೇಡಿ. ಸ್ವಿಚ್ ಆಫ್ ಮಾಡಿ, ಕೆಳಗಿನ ಒಲೆಯನ್ನೂ ಆರಿಸಿ. ಬೆಂಕಿ ಹೊರಬಂದರೆ ಮನೆಯಿಂದ ಹೊರಗೆ ಬಂದು 101 ಅಥವಾ 112ಕ್ಕೆ ಕರೆ ಮಾಡಿ.
• ಗ್ಯಾಸ್ ವಾಸನೆ ಬಂದರೆ ಓವನ್, ಫ್ಯಾನ್, ಲೈಟು ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆಯಿರಿ. ಸಿಲಿಂಡರ್ ಆದರೆ ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಪೈಪ್ ಗ್ಯಾಸ್ ಆದರೆ ವಾಲ್ವ್ ಮುಚ್ಚಿ, ಗ್ಯಾಸ್ ಕಂಪನಿಯ ತುರ್ತು ಸಂಖ್ಯೆಗೆ ತಿಳಿಸಿ.
• ಕೆಳಗೆ ಒಲೆ ಉರಿಯುತ್ತಿರುವಾಗ ಮೇಲಿನ ಓವನ್‌ನಿಂದ ಏನನ್ನೂ ತೆಗೆಯಬೇಡಿ. ಮಕ್ಕಳಿಗೆ, ವಯಸ್ಸಾದವರಿಗೆ ಇದನ್ನು ಹೇಳಿಕೊಡಿ.
• ಆರ್ಡರ್ ಕೊಡುವ ಮುನ್ನ ಮಾಡೆಲ್‌ನ ಅಳವಡಿಕೆ ಕೈಪಿಡಿ ಇಳಿಸಿಕೊಂಡು, ಅದರಲ್ಲಿರುವ ಅಂತರಗಳನ್ನು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮನೆಯಲ್ಲಿ ಅಡುಗೆ ಮಾಡುವವರನ್ನು ಅದರ ಮುಂದೆ ನಿಲ್ಲಿಸಿ ಕೈ ಎಟುಕುತ್ತದೆಯೇ ನೋಡಿ. ಆಮೇಲೆ ದುಡ್ಡು ಕೊಡಿ.